ಸಾಬೂನು, ಡಿಟರ್ಜೆಂಟು ಮತ್ತು ಬೋರ್‌ವೆಲ್ ನೀರು

ಒಗೆದ ಬಟ್ಟೆ ಮಾಸಲಾಗಿಯೇ ಉಳಿದರೆ, ಮಿಂದ ಮೇಲೂ ತಲೆಗೂದಲು ಅಂಟಂಟಾಗಿದ್ದರೆ, ಬಚ್ಚಲಿನ ಗೋಡೆಗೆ ಬೆಳ್ಳನೆಯ ಪದರ ಕಟ್ಟಿದರೆ ಸಾಬೂನನ್ನು ದೂರುವುದು ರೂಢಿ. ಆದರೆ ಈ ದೂರುಗಳಲ್ಲಿ ಹೆಚ್ಚಿನವು ಸಲ್ಲಬೇಕಾದದ್ದು ನೀರಿಗೆ. ಮಲೆನಾಡಿನ ಬಾವಿಯ ನೀರಿನಲ್ಲಿ ಧಾರಾಳವಾಗಿ ನೊರೆಗರೆಯುವ ಸಾಬೂನು ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಎಷ್ಟು ಉಜ್ಜಿದರೂ ಮೊಂಡು ಹಿಡಿಯುತ್ತದೆ. ಎರಡೂ ಕಡೆ ಸಾಬೂನಿನ ರಚನೆ ಒಂದೇ, ನೀರಿನಲ್ಲಿ ಕರಗಿರುವ ಸುಣ್ಣದ ಅಂಶ ಮಾತ್ರ ಬೇರೆ. ಮನೆಗೆ ಬರುವ ನೀರಿನ ಗುಣವನ್ನು ಅರಿತ ಮೇಲೆ ಸಾಬೂನು, ಪುಡಿ ಅಥವಾ ಸೀಗೆಯನ್ನು ಆರಿಸುವುದು ಸರಿಯಾದ ಕ್ರಮವಾಗಿದ್ದು, ಅದಕ್ಕೆ ಬೇಕಾದ ರಸಾಯನಶಾಸ್ತ್ರ ಕಷ್ಟದ್ದೇನಲ್ಲ.

ಎಣ್ಣೆ ಮತ್ತು ನೀರು ಬೆರೆಯದಿರುವುದಕ್ಕೆ ಕಾರಣ ನೀರಿನ ಅಣುಗಳ ಪರಸ್ಪರ ಸೆಳೆತ. ಈ ಸೆಳೆತ ಬಲವಾಗಿರುವುದರಿಂದ ಅವು ಎಣ್ಣೆಯ ಅಣುಗಳನ್ನು ತಮ್ಮ ನಡುವೆ ಬಿಟ್ಟುಕೊಳ್ಳುವುದಿಲ್ಲ. ನೀರಿನ ಮೇಲ್ಮೈ ಬಿಗಿದ ಪೊರೆಯಂತೆ ವರ್ತಿಸುವುದೂ ಇದರಿಂದಲೇ. ಈ ಬಿಗಿತಕ್ಕೆ ಮೇಲ್ಮೈ ಎಳೆತ ಎಂದು ಹೆಸರು. ಸಾಬೂನಿನ ಅಣುವಿಗೆ ಎರಡು ತುದಿಗಳಿದ್ದು, ಹನ್ನೆರಡರಿಂದ ಹದಿನೆಂಟು ಇಂಗಾಲದ ಪರಮಾಣುಗಳಿರುವ ಉದ್ದನೆಯ ಬಾಲ ಎಣ್ಣೆಗೆ ಒಲಿಯುತ್ತದೆ, ಋಣ ವಿದ್ಯುದಂಶವಿರುವ ತಲೆ ನೀರಿಗೆ ಒಲಿಯುತ್ತದೆ. ಹೀಗೆ ಎರಡರ ನಡುವಿನ ಮೇಲ್ಮೈಯಲ್ಲಿ ನೆಲೆಸಿ ಎಳೆತವನ್ನು ಕುಗ್ಗಿಸುವ ವಸ್ತುಗಳನ್ನು ಸರ್ಫ್ಯಾಕ್ಟಂಟುಗಳೆಂದು ಕರೆಯುತ್ತಾರೆ. ಶುದ್ಧ ನೀರಿನ ಮೇಲ್ಮೈ ಎಳೆತ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೀಟರಿಗೆ ಸುಮಾರು 72 ಮಿಲಿನ್ಯೂಟನ್‌ ಇದ್ದರೆ, ಸಾಬೂನು ಬೆರೆತಾಗ ಅದು ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಆಗ ನೀರು ಬಟ್ಟೆಯ ಎಳೆಎಳೆಯೊಳಗೆ ಸುಲಭವಾಗಿ ಇಳಿಯುತ್ತದೆ.

ಸಾಬೂನಿನ ಪ್ರಮಾಣ ಒಂದು ಮಿತಿಯನ್ನು ದಾಟಿದಾಗ ಅಣುಗಳು ಬಾಲಗಳನ್ನು ಒಳಗೂ ತಲೆಗಳನ್ನು ಹೊರಗೂ ಇರಿಸಿಕೊಂಡು ಗುಂಪುಗೂಡುತ್ತವೆ. ಮಿಸೆಲ್ ಎಂಬ ಈ ಗುಂಪುಗಳ ಒಡಲಲ್ಲಿ ಜಿಡ್ಡಿನ ಅಣುಗಳು ಸೇರಿಕೊಳ್ಳುತ್ತವೆ. ದೊಡ್ಡ ಜಿಡ್ಡಿನ ಹನಿಗಳ ಸುತ್ತಲೂ ಇದೇ ಬಗೆಯ ಕವಚ ಮೂಡಿ, ಅವು ಒಂದನ್ನೊಂದು ದೂರ ತಳ್ಳುತ್ತ ನೀರಿನೊಂದಿಗೆ ಹರಿದುಹೋಗುತ್ತವೆ. ಶಾಂಪೂಗಳಲ್ಲಿ ಕಾಣಸಿಗುವ ಸೋಡಿಯಂ ಲಾರಿಲ್ ಸಲ್ಫೇಟಿಗೆ ಶುದ್ಧ ನೀರಿನಲ್ಲಿ ಈ ಮಿತಿ ಲೀಟರಿಗೆ ಸುಮಾರು 2.3 ಗ್ರಾಂ. ಮಿತಿ ದಾಟಿದ ಮೇಲೆ ಇನ್ನಷ್ಟು ಸುರಿದರೂ ಮೇಲ್ಮೈ ಎಳೆತ ಮತ್ತೆ ಇಳಿಯುವುದಿಲ್ಲ, ಜಾಲಿಸುವ ಕೆಲಸ ಮಾತ್ರ ಹೆಚ್ಚುತ್ತದೆ. ನೊರೆಯ ವಿಷಯದಲ್ಲಿಯೂ ಒಂದು ತಪ್ಪು ತಿಳಿವಳಿಕೆಯಿದೆ. ನೊರೆಯೆಂದರೆ ಸರ್ಫ್ಯಾಕ್ಟಂಟಿನ ತೆಳುಪೊರೆಯಲ್ಲಿ ಸೆರೆಸಿಕ್ಕ ಗಾಳಿಯಷ್ಟೇ. ಅದು ಕೊಳೆ ತೆಗೆಯುವುದಿಲ್ಲ. ಮುಂಬಾಗಿಲಿನ ವಾಷಿಂಗ್ ಮಷೀನುಗಳಿಗಾಗಿ ತಯಾರಿಸುವ ಪುಡಿಗೆ ನೊರೆ ತಗ್ಗಿಸುವ ಪದಾರ್ಥವನ್ನು ಬೇಕೆಂದೇ ಸೇರಿಸಿರುತ್ತಾರೆ, ಏಕೆಂದರೆ ನೊರೆ ತುಂಬಿದ ಡ್ರಮ್ಮಿನಲ್ಲಿ ಬಟ್ಟೆ ಬಟ್ಟೆಗೆ ತಿಕ್ಕುವುದಿಲ್ಲ. ಆದರೆ ಕೈಯಲ್ಲಿ ಸಾಬೂನಿನಿಂದ ಒಗೆಯುವಾಗ ನೊರೆ ಒಂದು ಸೂಚನೆಯನ್ನಂತೂ ಕೊಡುತ್ತದೆ: ನೀರಿನ ಸುಣ್ಣದ ಪಾಲು ತೀರಿ, ಕೆಲಸಕ್ಕೆ ಸಾಬೂನು ಉಳಿದಿದೆ ಎಂಬ ಸೂಚನೆ.

ಸಾಬೂನು ಹುಟ್ಟುವುದು ಕೊಬ್ಬು ಮತ್ತು ಕ್ಷಾರದ ಕ್ರಿಯೆಯಿಂದ. ಎಣ್ಣೆಯ ಒಂದೊಂದು ಅಣುವಿನಲ್ಲಿಯೂ ಒಂದು ಗ್ಲಿಸರಿನ್ ಮತ್ತು ಅದಕ್ಕೆ ಜೋಡಿಸಿದ ಮೂರು ಮೇದಾಮ್ಲಗಳು, ಅಂದರೆ ಕೊಬ್ಬಿನ ಆಮ್ಲಗಳು, ಇರುತ್ತವೆ. ಎಣ್ಣೆ, ಕೊಬ್ಬುಗಳು ಗ್ಲಿಸರಿನ್ ಮತ್ತು ಮೇದಾಮ್ಲಗಳಿಂದಾದವು ಎಂಬುದನ್ನು ಫ್ರಾನ್ಸಿನ ಮಿಷೆಲ್ ಯೂಜೀನ್ ಶೆವ್ರಲ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬಿಡಿಸಿ ತೋರಿಸಿ, 1823ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಕಾಸ್ಟಿಕ್ ಸೋಡಾ ಈ ಜೋಡಣೆಯನ್ನು ಮುರಿದಾಗ ಮೇದಾಮ್ಲಗಳು ಸೋಡಿಯಂ ಲವಣವಾಗಿ ಗಟ್ಟಿ ಸಾಬೂನಾಗುತ್ತವೆ, ಗ್ಲಿಸರಿನ್ ಬೇರೆಯಾಗುತ್ತದೆ. ಕಾಸ್ಟಿಕ್ ಪೊಟ್ಯಾಶ್ ಬಳಸಿದರೆ ಮೆತ್ತನೆಯ ಅಥವಾ ದ್ರವರೂಪದ ಸಾಬೂನು ದೊರೆಯುತ್ತದೆ. ಒಲೆಯ ಬೂದಿಯಿಂದ ಜಿಡ್ಡಿನ ಪಾತ್ರೆ ಬೆಳಗುವ ಹಳೆಯ ಪದ್ಧತಿಯ ಹಿಂದಿರುವುದೂ, ಮಡಿವಾಳರು ಚೌಳು ಮಣ್ಣಿನ ನೀರಿನಲ್ಲಿ ಬಟ್ಟೆಯನ್ನು ಅದ್ದಿ ಉಬ್ಬೆಗೆ ಹಾಕುತ್ತಿದ್ದುದರ ಹಿಂದಿರುವುದೂ ಕ್ಷಾರದ ಇದೇ ಗುಣ. ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟೂ ಚೌಳಿನಲ್ಲಿ ಸೋಡಿಯಂ ಕಾರ್ಬೊನೇಟೂ ಇರುತ್ತವೆ.

ಮನೆಯಲ್ಲಿ ಸಾಬೂನು ಮಾಡಬಯಸುವವರಿಗೆ ತೂಕದ ಲೆಕ್ಕವೇ ಮುಖ್ಯ. ಒಂದು ಕಿಲೋ ತೆಂಗಿನೆಣ್ಣೆಯನ್ನು ಪೂರ್ತಿ ಸಾಬೂನಾಗಿಸಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕಾದರೆ, ಕಡಲೆಕಾಯಿ ಎಣ್ಣೆಗೆ ಸುಮಾರು 136 ಗ್ರಾಂ, ಹರಳೆಣ್ಣೆಗೆ ಸುಮಾರು 128 ಗ್ರಾಂ ಸಾಕು. ತೆಂಗಿನೆಣ್ಣೆಯ ಮೇದಾಮ್ಲಗಳು ಗಿಡ್ಡವಾದವು. ಆದ್ದರಿಂದ ಒಂದು ಕಿಲೋದಲ್ಲಿ ಅಣುಗಳ ಸಂಖ್ಯೆ ಹೆಚ್ಚಿ, ಅವುಗಳಿಗೆ ಬೇಕಾದ ಕ್ಷಾರವೂ ಹೆಚ್ಚುತ್ತದೆ. ಈ ಗಿಡ್ಡತನದಿಂದಲೇ ತೆಂಗಿನೆಣ್ಣೆಯ ಸಾಬೂನು ಉಪ್ಪು ನೀರಿನಲ್ಲಿಯೂ ನೊರೆ ಕೊಡುತ್ತದೆ, ಆದರೆ ಅದೊಂದನ್ನೇ ಬಳಸಿದರೆ ಚರ್ಮ ಒಣಗುತ್ತದೆ. ರೂಢಿಯಲ್ಲಿ ಲೆಕ್ಕಕ್ಕಿಂತ ಶೇಕಡಾ 5ರಷ್ಟು ಕಡಿಮೆ ಕ್ಷಾರ ಹಾಕಿ ಸ್ವಲ್ಪ ಎಣ್ಣೆಯನ್ನು ಹಾಗೆಯೇ ಉಳಿಸುತ್ತಾರೆ. ಆ ಪ್ರಕಾರ ಅರ್ಧ ಕಿಲೋ ತೆಂಗಿನೆಣ್ಣೆಗೆ 87 ಗ್ರಾಂ ಕಾಸ್ಟಿಕ್ ಸೋಡಾ, ಅದನ್ನು ಕರಗಿಸಲು ಅದರ ಎರಡರಷ್ಟು ತೂಕದ ನೀರು ಬೇಕಾಗುತ್ತದೆ. ಈ ತೂಕಗಳನ್ನು ಚಮಚದಿಂದ ಅಳೆಯುವುದು ಅಪಾಯ. ಗ್ರಾಂ ತೋರಿಸುವ ತಕ್ಕಡಿಯೇ ಆಗಬೇಕು. ಕಾಸ್ಟಿಕ್ ಸೋಡಾವನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಅದರ ಮೇಲೆ ನೀರು ಸುರಿಯಬಾರದು, ಏಕೆಂದರೆ ಕರಗುವಾಗ ಹುಟ್ಟುವ ಶಾಖದಿಂದ ದ್ರಾವಣ ಕುದಿದು ಸಿಡಿಯಬಲ್ಲದು. ಅಲ್ಯೂಮಿನಿಯಂ ಪಾತ್ರೆಯನ್ನು ಕ್ಷಾರ ತಿಂದು ಹೈಡ್ರೋಜನ್ ಅನಿಲ ಬಿಡುವುದರಿಂದ ಸ್ಟೀಲ್ ಪಾತ್ರೆಯನ್ನೇ ಬಳಸಬೇಕು. ಕೈಗವಸು, ಕನ್ನಡಕ, ಗಾಳಿಯಾಡುವ ಜಾಗ, ಮಕ್ಕಳಿಲ್ಲದ ಹೊತ್ತು, ಇವುಗಳಲ್ಲಿ ಒಂದನ್ನೂ ಬಿಡುವಂತಿಲ್ಲ. ಅಚ್ಚಿನಿಂದ ತೆಗೆದ ಬಿಲ್ಲೆಗಳನ್ನು ನಾಲ್ಕರಿಂದ ಆರು ವಾರ ಗಾಳಿಗೆ ಇಟ್ಟರೆ ನೀರಿನಂಶ ಆರಿ ಅವು ಗಟ್ಟಿಯಾಗುತ್ತವೆ. ಇಷ್ಟೆಲ್ಲ ಆದರೂ ಸಾಬೂನು ಸಾಬೂನೇ: ಅದರ ಪಿಹೆಚ್ 9ರಿಂದ 10ರ ಆಸುಪಾಸಿನಲ್ಲಿಯೇ ಇರುತ್ತದೆ, ಚರ್ಮದ ಮೇಲ್ಪದರವಾದರೋ ತುಸು ಆಮ್ಲೀಯ. ಕೈಯಿಂದ ಮಾಡಿದ್ದು ಎಂಬ ಒಂದೇ ಕಾರಣಕ್ಕೆ ಅದನ್ನು ಸೌಮ್ಯವೆನ್ನಲಾಗದು.

ಅಂಗಡಿಯಲ್ಲಿ ಕೊಳ್ಳುವಾಗ ಹೊದಿಕೆಯ ಮೇಲಿನ ಚಿತ್ರಕ್ಕಿಂತ ಟಿಎಫ್‌ಎಂ ಎಂಬ ಮೂರಕ್ಷರದ ಮುಂದಿರುವ ಅಂಕಿಯನ್ನು ಓದುವುದು ಲೇಸು. ಬಿಲ್ಲೆಯಲ್ಲಿರುವ ಒಟ್ಟು ಮೇದಾಮ್ಲಗಳ ಶೇಕಡಾವಾರು ಪ್ರಮಾಣವಿದು. ಭಾರತೀಯ ಮಾನಕ ಬ್ಯೂರೋದ ವರ್ಗೀಕರಣದಂತೆ ಮೊದಲ ದರ್ಜೆಯ ಸ್ನಾನದ ಸಾಬೂನಿನಲ್ಲಿ ಇದು ಕನಿಷ್ಠ 76, ಎರಡನೆಯದರಲ್ಲಿ 70, ಮೂರನೆಯದರಲ್ಲಿ 60 ಇರಬೇಕು. ಬೇದಿಂಗ್ ಬಾರ್ ಎಂದು ಸಣ್ಣಕ್ಷರದಲ್ಲಿ ಮುದ್ರಿತವಾದ ಬಿಲ್ಲೆಗಳು ಬೇರೆಯದೇ ವರ್ಗಕ್ಕೆ ಸೇರಿದ್ದು, ಅವುಗಳಿಗೆ 40 ಇದ್ದರೂ ಸಾಕು. ಅಂಕಿ ಇಳಿದಂತೆ ಸಾಮಾನ್ಯವಾಗಿ ಟಾಲ್ಕಿನಂತಹ ತುಂಬುಪದಾರ್ಥದ ಪಾಲು ಏರುತ್ತದೆ, ಬಿಲ್ಲೆ ನೀರಿನಲ್ಲಿ ಬೇಗ ಕರಗಿ ಲೋಳೆಯಾಗುತ್ತದೆ. ಮೊದಲ ಮಹಾಯುದ್ಧದಿಂದಾಗಿ ಯುರೋಪಿಗೆ ಹೋಗಬೇಕಿದ್ದ ಶ್ರೀಗಂಧ ಮೈಸೂರು ಸಂಸ್ಥಾನದಲ್ಲೇ ಉಳಿದಾಗ ಅದರಿಂದ ಎಣ್ಣೆ ತೆಗೆಯುವ ಕಾರ್ಖಾನೆಯೂ, ಆ ಎಣ್ಣೆಯ ಪರಿಮಳ ಹೊತ್ತ ಸಾಬೂನಿನ ಕಾರ್ಖಾನೆಯೂ ಹುಟ್ಟಿಕೊಂಡ ಚರಿತ್ರೆ ಕನ್ನಡಿಗರಿಗೆ ಪರಿಚಿತವೇ. ಆದರೂ ಪರಿಮಳಕ್ಕೂ ತೊಳೆಯುವ ಶಕ್ತಿಗೂ ಸಂಬಂಧವಿಲ್ಲವೆಂಬುದನ್ನು ಇಲ್ಲಿ ಹೇಳಬೇಕಾಗುತ್ತದೆ.

ಇನ್ನು ನೀರಿನ ವಿಚಾರ. ಮಳೆನೀರು ನೆಲದಾಳದ ಕಲ್ಲು ಮಣ್ಣುಗಳ ಸಂದಿನಲ್ಲಿ ಬಹುಕಾಲ ನಿಂತಾಗ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಅದರಲ್ಲಿ ಕರಗುತ್ತವೆ. ಅಂತಹ ನೀರಿಗೆ ಗಡಸು ನೀರು ಎಂದು ಹೆಸರು. ಗಡಸುತನವನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ. ಕುಡಿಯುವ ನೀರಿಗೆ ಭಾರತೀಯ ಮಾನಕವು ಒಪ್ಪುವ ಮಿತಿ 200, ಬೇರೆ ನೀರಿನ ಮೂಲವೇ ಇಲ್ಲದಾಗ ಸಹಿಸಬಹುದಾದ ಮಿತಿ 600. ಕುಡಿಯಲು ಅಡ್ಡಿಯಿಲ್ಲದ ನೀರೂ ಸಾಬೂನಿಗೆ ವೈರಿಯಾಗಬಹುದೆಂಬುದನ್ನು ಒಂದು ಸಣ್ಣ ಲೆಕ್ಕ ತೋರಿಸುತ್ತದೆ. ಗಡಸುತನ 300 ಇರುವ ನೀರಿನ ಹತ್ತು ಲೀಟರಿನ ಬಕೆಟ್ಟಿನಲ್ಲಿ 3 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಸುಣ್ಣದಂಶವಿರುತ್ತದೆ. ಕ್ಯಾಲ್ಸಿಯಂನ ಒಂದೊಂದು ಅಯಾನೂ ಸಾಬೂನಿನ ಎರಡೆರಡು ಅಣುಗಳನ್ನು ಹಿಡಿದು, ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಸಾಬೂನಾಗಿ ಮಾರ್ಪಡಿಸುತ್ತದೆ. ಅಣುತೂಕಗಳನ್ನು ಹಿಡಿದು ಗುಣಿಸಿದರೆ, ಆ ಒಂದು ಬಕೆಟ್ ನೀರು ಕೊಳೆಯ ತಂಟೆಗೇ ಹೋಗದೆ ಸುಮಾರು 18 ಗ್ರಾಂ ಸಾಬೂನನ್ನು ನುಂಗಿಹಾಕಬಲ್ಲದು. ನುಂಗಿದ್ದು ಸುಮ್ಮನೆ ಕಣ್ಮರೆಯಾಗುವುದೂ ಇಲ್ಲ: ಬೂದುಬಣ್ಣದ ಮೊಸರಿನಂತಹ ಗಷ್ಟಾಗಿ ಬಟ್ಟೆಯ ನೂಲಿನಲ್ಲಿ, ಕೂದಲಿನಲ್ಲಿ, ಬಕೆಟ್ಟಿನ ಅಂಚಿನಲ್ಲಿ ಕೂರುತ್ತದೆ.

ನೀರು ಎಷ್ಟು ಗಡಸೆಂದು ಮನೆಯಲ್ಲಿಯೇ ಅಂದಾಜು ಮಾಡಬಹುದು. ಟಿಎಫ್‌ಎಂ ಹೆಚ್ಚಿರುವ ಸಾಬೂನಿನ ಒಂದಿಷ್ಟು ತುರಿಯನ್ನು ಮಳೆನೀರಿನಲ್ಲಿ ಅಥವಾ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿಟ್ಟುಕೊಂಡು, ಒಂದೇ ಅಳತೆಯ ಎರಡು ಬಾಟಲಿಗಳಲ್ಲಿ ಒಂದಕ್ಕೆ ಮಳೆನೀರನ್ನೂ ಇನ್ನೊಂದಕ್ಕೆ ಮನೆಯ ನೀರನ್ನೂ ಅರ್ಧದಷ್ಟು ತುಂಬಿ, ಎರಡಕ್ಕೂ ಅದೇ ದ್ರಾವಣವನ್ನು ಹನಿಹನಿಯಾಗಿ ಎಣಿಸಿ ಹಾಕುತ್ತ ಪ್ರತಿ ಬಾರಿಯೂ ಮುಚ್ಚಳ ಬಿಗಿದು ಕುಲುಕಬೇಕು. ನಿಲ್ಲುವ ನೊರೆ ಬರಲು ಎಷ್ಟು ಹನಿ ಹೆಚ್ಚು ಬೇಕಾಯಿತೆಂಬುದೇ ಗಡಸುತನದ ಅಳತೆ. ಪ್ರಯೋಗಶಾಲೆಗಳು ಇಡಿಟಿಎ ಎಂಬ ರಾಸಾಯನಿಕದಿಂದ ನಿಖರವಾಗಿ ಅಳೆಯುವುದಕ್ಕೆ ಮೊದಲು ಇದೇ ಸಾಬೂನಿನ ಪರೀಕ್ಷೆ ಬಳಕೆಯಲ್ಲಿತ್ತು.

ಪರಿಹಾರಗಳಲ್ಲಿ ಕುದಿಸುವುದು ಅರ್ಧ ಪರಿಹಾರ ಮಾತ್ರ. ಬೈಕಾರ್ಬೊನೇಟ್ ರೂಪದ ಕ್ಯಾಲ್ಸಿಯಂ ಕುದಿದಾಗ ಸುಣ್ಣವಾಗಿ ತಳಕ್ಕೆ ಇಳಿಯುತ್ತದೆ, ಗೀಸರಿನ ಕಾಯಿಲಿಗೆ ಹಕ್ಕಳೆ ಕಟ್ಟುವುದು ಇದರಿಂದಲೇ. ಸಲ್ಫೇಟ್, ಕ್ಲೋರೈಡ್ ರೂಪದ್ದು ಕುದಿತಕ್ಕೆ ಜಗ್ಗುವುದಿಲ್ಲ. ವಾಷಿಂಗ್ ಸೋಡಾ ಎರಡಕ್ಕೂ ಆಗುತ್ತದೆ. ಮೇಲೆ ಹೇಳಿದ ಬಕೆಟ್ಟಿಗೆ ಲೆಕ್ಕದ ಪ್ರಕಾರ ನೀರಿನಂಶವಿಲ್ಲದ ಸೋಡಾ ಪುಡಿ 3 ಗ್ರಾಂಗಿಂತ ತುಸು ಹೆಚ್ಚು, ಹರಳು ರೂಪದ್ದಾದರೆ ಸುಮಾರು 9 ಗ್ರಾಂ ಸಾಕು. ಸೋಡಾ ಹಾಕಿ ಕಲಕಿ ಕೆಲವು ನಿಮಿಷ ಬಿಟ್ಟು, ಆಮೇಲೆ ಸಾಬೂನು ಹಾಕಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಕ್ಯಾಲ್ಸಿಯಂ ಸಾಬೂನಿನ ಕಡೆಗೆ ವಾಲುತ್ತದೆ. ಹದಿನೆಂಟು ಗ್ರಾಂ ಸಾಬೂನಿನ ಬದಲು ಮೂರು ಗ್ರಾಂ ಸೋಡಾ ಎಂಬುದು ಸಣ್ಣ ಉಳಿತಾಯವಲ್ಲ. ಆದರೆ ಇದು ಹತ್ತಿ ಬಟ್ಟೆಗೆ ಮಾತ್ರ ಸಲ್ಲುವ ಉಪಾಯ. ರೇಷ್ಮೆ ಮತ್ತು ಉಣ್ಣೆ ಪ್ರೋಟೀನಿನಿಂದಾದವುಗಳಾದ್ದರಿಂದ ಕ್ಷಾರ ಅವುಗಳ ಎಳೆಯನ್ನೇ ಹಾಳುಮಾಡುತ್ತದೆ. ಮೈಗೂ ತಲೆಗೂ ಸೋಡಾ ನೀರು ಖಂಡಿತ ಕೂಡದು.

ರೇಷ್ಮೆ ಸೀರೆಗೂ ಒಡವೆಗೂ ಅಂಟುವಾಳ, ತಲೆಗೆ ಸೀಗೆ ಎಂಬ ಹಿರಿಯರ ವಿಂಗಡಣೆ ರಸಾಯನಶಾಸ್ತ್ರದ ಕಣ್ಣಿಗೂ ಒಪ್ಪುವಂಥದ್ದು. ಈ ಕಾಯಿಗಳಲ್ಲಿರುವ ಸ್ಯಾಪೊನಿನ್ ಎಂಬ ವಸ್ತುವಿನ ಅಣುವಿಗೂ ಜಿಡ್ಡಿಗೆ ಒಲಿಯುವ ಒಂದು ಭಾಗ ಮತ್ತು ನೀರಿಗೆ ಒಲಿಯುವ ಸಕ್ಕರೆಯ ಭಾಗ ಇವೆ. ಕಷಾಯ ಕ್ಷಾರೀಯವಲ್ಲದೆ ತುಸು ಆಮ್ಲೀಯವಾಗಿರುವುದರಿಂದ ರೇಷ್ಮೆಯ ಹೊಳಪು ಕೆಡುವುದಿಲ್ಲ, ಗಡಸು ನೀರಿನಲ್ಲಿ ಸಾಬೂನಿನಷ್ಟು ಗಷ್ಟೂ ಕಟ್ಟುವುದಿಲ್ಲ. ಇದರ ಶಕ್ತಿಗೆ ಮಿತಿಯಿದೆ. ಗ್ರೀಸ್ ಮೆತ್ತಿದ ಅಂಗಿ ಅಂಟುವಾಳಕ್ಕೆ ಬಗ್ಗದು. ಕಣ್ಣಿಗೆ ಬಿದ್ದರೆ ಉರಿ ವಿಪರೀತ. ಎಣ್ಣೆ ಸ್ನಾನದಲ್ಲಿ ಬಳಸುವ ಕಡಲೆಹಿಟ್ಟಿನ ದಾರಿ ಮಾತ್ರ ಬೇರೆ, ಅದು ಎಣ್ಣೆಯನ್ನು ತನ್ನ ಕಣಗಳಿಗೆ ಹೀರಿಕೊಳ್ಳುತ್ತದೆ.

ಸುಣ್ಣಕ್ಕೆ ಸೋಲದ ಸಾಬೂನಿನ ಹುಡುಕಾಟದಲ್ಲಿ ರೂಪುಗೊಂಡದ್ದು ಡಿಟರ್ಜೆಂಟು. ಮೊದಲ ಮಹಾಯುದ್ಧದ ಕಾಲದಲ್ಲಿ ಕೊಬ್ಬಿನ ಅಭಾವ ಎದುರಿಸಿದ ಜರ್ಮನಿಯಲ್ಲಿ ಇದರ ಆರಂಭವಾಯಿತು. 1946ರಲ್ಲಿ ಅಮೆರಿಕದ ಟೈಡ್, 1959ರಲ್ಲಿ ಭಾರತದ ಸರ್ಫ್, 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲರ ನಿರ್ಮಾ ಬಂದವು. ಸಾಬೂನಿನ ಅಣುವಿನ ತಲೆಯಲ್ಲಿ ಮೇದಾಮ್ಲದ ಗುಂಪಿರುವೆಡೆ ಡಿಟರ್ಜೆಂಟಿನಲ್ಲಿ ಗಂಧಕವಿರುವ ಸಲ್ಫೊನೇಟ್ ಗುಂಪಿದ್ದು, ಅದು ಕ್ಯಾಲ್ಸಿಯಂ ಜೊತೆ ಸೇರಿದರೂ ಸುಲಭವಾಗಿ ಗಷ್ಟಾಗುವುದಿಲ್ಲ. ಆದರೂ ಗಡಸು ನೀರು ಅದರ ಶಕ್ತಿಯನ್ನು ಕುಂದಿಸುವುದರಿಂದ ಪುಡಿಗೆ ಬಿಲ್ಡರ್‌ಗಳೆಂಬ ಸಹಾಯಕ ವಸ್ತುಗಳನ್ನು ಬೆರೆಸುತ್ತಾರೆ: ಸೋಡಾ ಸುಣ್ಣವನ್ನು ಕೆಳಗಿಳಿಸುತ್ತದೆ, ಫಾಸ್ಫೇಟು ಅದನ್ನು ಕಟ್ಟಿಹಾಕುತ್ತದೆ, ಜಿಯೊಲೈಟು ತನ್ನ ಸೋಡಿಯಂ ಕೊಟ್ಟು ಕ್ಯಾಲ್ಸಿಯಂ ಪಡೆಯುತ್ತದೆ. ಅಗ್ಗದ ಪುಡಿಗಳಲ್ಲಿ ಸೋಡಾದ ಪಾಲೇ ದೊಡ್ಡದಾದ್ದರಿಂದ ಒಗೆದವರ ಅಂಗೈ ಒರಟಾಗುತ್ತದೆ. ಕಿಣ್ವಗಳಿರುವ, ಅಂದರೆ ಎನ್‌ಜೈಮ್ ಎಂದು ನಮೂದಿಸಿರುವ, ಪುಡಿಯಲ್ಲಿ ಬಟ್ಟೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಸಾರು, ಹಾಲು, ಬೆವರಿನ ಕಲೆಗಳು ಸಡಿಲವಾಗುತ್ತವೆ. ಕುದಿಯುವ ನೀರು ಕಿಣ್ವವನ್ನೇ ಕೊಲ್ಲುತ್ತದೆ. ರಕ್ತದ ಕಲೆಗಂತೂ ಮೊದಲು ತಣ್ಣೀರೇ ಬೇಕು, ಬಿಸಿ ತಾಗಿದರೆ ಅದರ ಪ್ರೋಟೀನು ಹೆಪ್ಪುಗಟ್ಟಿ ನೂಲಿಗೆ ಅಂಟಿಕೊಳ್ಳುತ್ತದೆ. ಪ್ರೋಟೀನನ್ನು ಕಡಿಯುವ ಈ ಕಿಣ್ವಗಳು ರೇಷ್ಮೆ, ಉಣ್ಣೆಗಳನ್ನೂ ಬಿಡವು.

ಬಚ್ಚಲಿನಿಂದ ಹೊರಟ ಡಿಟರ್ಜೆಂಟು ಎಲ್ಲಿಗೆ ಹೋಗುತ್ತದೆಂಬುದನ್ನು ಬೆಂಗಳೂರಿನ ಬೆಳ್ಳಂದೂರು ಕೆರೆ ನೊರೆಯನ್ನು ರಸ್ತೆಗೇ ತಂದು ತೋರಿಸಿತು. ಮೊದಮೊದಲಿನ ಡಿಟರ್ಜೆಂಟುಗಳ ಬಾಲ ಕವಲೊಡೆದಿದ್ದು ಬ್ಯಾಕ್ಟೀರಿಯಾಗಳಿಗೆ ಜೀರ್ಣವಾಗುತ್ತಿರಲಿಲ್ಲವಾದ್ದರಿಂದ ಯುರೋಪು, ಅಮೆರಿಕದ ನದಿಗಳಲ್ಲಿ ನೊರೆಯೆದ್ದು, 1960ರ ದಶಕದ ಮಧ್ಯದಲ್ಲಿ ತಯಾರಕರು ನೇರ ಬಾಲದ ಅಣುವಿಗೆ ಬದಲಾದರು. ನೇರ ಬಾಲದ್ದು ಆಮ್ಲಜನಕವಿರುವ ನೀರಿನಲ್ಲಿ ಬೇಗ ಕೊಳೆಯುತ್ತದೆ; ಆದರೆ ಸಂಸ್ಕರಿಸದ ಚರಂಡಿ ನೀರು ತುಂಬಿ ಆಮ್ಲಜನಕ ಬರಿದಾದ ಕೆರೆಯ ಹೂಳಿನಲ್ಲಿ ಅದು ಕೊಳೆಯದೆ ಕೂಡಿಕೊಳ್ಳುತ್ತದೆ, ಮಳೆಯ ರಭಸಕ್ಕೆ ಹೂಳು ಕದಡಿ ನೀರು ಕೋಡಿಯಿಂದ ಧುಮುಕಿದಾಗ ನೊರೆಯ ರಾಶಿಯೇಳುತ್ತದೆ. ಫಾಸ್ಫೇಟು ನೀರಿನ ಕಳೆಗಳಿಗೆ ಗೊಬ್ಬರವಾಗಿ ಕೇಡನ್ನು ಇಮ್ಮಡಿಗೊಳಿಸುತ್ತದೆ. ಫಾಸ್ಫೇಟಿಲ್ಲದ ಪುಡಿಯನ್ನು ಆರಿಸುವುದು ಮತ್ತು ಹಾಕುವ ಪ್ರಮಾಣವನ್ನು ಇಳಿಸುವುದು ಬಳಕೆದಾರರ ಕೈಯಲ್ಲಿರುವ ಕೆಲಸ, ಚರಂಡಿ ನೀರನ್ನು ಸಂಸ್ಕರಿಸಬೇಕಾದವರ ಹೊಣೆ ಮಾತ್ರ ಇದರಿಂದ ಕಡಿಮೆಯಾಗದು.

ಜಿಡ್ಡನ್ನು ಕಳಚಿ ಹೊರಗೆ ಕಳಿಸುವುದು ತೊಳೆಯುವ ಉದ್ದೇಶವಾದರೆ, ಜಿಡ್ಡನ್ನು ನೀರಿನಲ್ಲಿಯೇ ಹಿಡಿದಿಟ್ಟುಕೊಳ್ಳುವುದು ಎಮಲ್ಷನ್ನಿನ ಉದ್ದೇಶ. ಒಂದರಲ್ಲೊಂದು ಕರಗದ ಎರಡು ದ್ರವಗಳಲ್ಲಿ ಒಂದು ಸೂಕ್ಷ್ಮ ಹನಿಗಳಾಗಿ ಇನ್ನೊಂದರಲ್ಲಿ ಹರಡಿಕೊಂಡಿರುವ ಸ್ಥಿತಿಗೆ ಈ ಹೆಸರು. ಹಾಲು ನೀರಿನಲ್ಲಿ ಕೊಬ್ಬಿನ ಎಮಲ್ಷನ್. ಹಸುವಿನ ಹಾಲಿನ ಕೊಬ್ಬಿನ ಕಣಗಳ ಸರಾಸರಿ ವ್ಯಾಸ ಸುಮಾರು 3ರಿಂದ 4 ಮೈಕ್ರೋಮೀಟರ್. ಪ್ರೋಟೀನು ಮತ್ತು ಫಾಸ್ಫೊಲಿಪಿಡ್‌ಗಳ ಪೊರೆ ಈ ಕಣಗಳು ಕೂಡಿಕೊಳ್ಳದಂತೆ ಕಾಯುತ್ತದೆ. ಮೊಸರನ್ನು ಕಡೆದಾಗ ಕಡೆಗೋಲಿನ ಹೊಡೆತಕ್ಕೆ ಪೊರೆ ಹರಿದು, ಅರೆಗಟ್ಟಿ ಕೊಬ್ಬಿನ ಕಣಗಳು ಒಂದಕ್ಕೊಂದು ಮೆತ್ತಿಕೊಳ್ಳುತ್ತ ಮೊದಲು ಸಾಸಿವೆಯಂತಹ ಕಾಳುಗಳಾಗಿ ತೇಲುತ್ತವೆ, ಬಳಿಕ ಮುದ್ದೆಗಟ್ಟುತ್ತವೆ. ಆ ಹೊತ್ತಿಗೆ ಒಳಗು ಹೊರಗಾಗಿರುತ್ತದೆ: ಬೆಣ್ಣೆಯೆಂದರೆ ಶೇಕಡಾ 80ರಷ್ಟು ಕೊಬ್ಬಿನಲ್ಲಿ ನೀರಿನ ಹನಿಗಳು ಹುದುಗಿರುವ ಎಮಲ್ಷನ್. ಕೊಬ್ಬು ಅರೆಗಟ್ಟಿಯಾಗಿದ್ದರಷ್ಟೇ ಈ ಮೆತ್ತುವಿಕೆ ನಡೆಯುವುದರಿಂದ ಬೇಸಿಗೆಯಲ್ಲಿ ಬೆಣ್ಣೆ ಬಾರದಿದ್ದಾಗ ತಣ್ಣೀರು ಚಿಮುಕಿಸುವುದೂ, ಚಳಿಗಾಲದಲ್ಲಿ ತುಸು ಬಿಸಿನೀರು ಸೇರಿಸುವುದೂ ಸರಿಯಾದ ಕ್ರಮವೇ. ಹೋಮೊಜನೈಸ್ ಮಾಡಿದ ಪ್ಯಾಕೆಟ್ ಹಾಲಿನಲ್ಲಿ ಕಣಗಳನ್ನು ಒಂದು ಮೈಕ್ರೋಮೀಟರಿಗಿಂತ ಕಿರಿದಾಗಿ ಒಡೆದಿರುವುದರಿಂದ ಅದರ ಮೇಲೆ ಹೇಳಿಕೊಳ್ಳುವಂತಹ ಕೆನೆ ಕಟ್ಟುವುದಿಲ್ಲ. ಬೆಣ್ಣೆ ತೆಗೆಯಬೇಕೆನ್ನುವವರು ಆ ಹಾಲನ್ನು ಕೊಳ್ಳಬಾರದು.

ತೋಟದಲ್ಲಿ ಸಿಂಪಡಿಸುವ ಬೇವಿನೆಣ್ಣೆಯ ದ್ರಾವಣವೂ ಎಮಲ್ಷನ್ನೇ, ಹೆಚ್ಚಿನವರು ಎಡವುವುದೂ ಇಲ್ಲಿಯೇ. ಲೀಟರು ನೀರಿಗೆ 5 ಮಿಲಿಲೀಟರ್ ಎಣ್ಣೆ ಮತ್ತು ಸುಮಾರು ಒಂದು ಗ್ರಾಂ ಸಾಬೂನು ಎಂಬುದು ಸಾಮಾನ್ಯ ಪ್ರಮಾಣ. ಆದರೆ ಮೂರನ್ನೂ ಒಮ್ಮೆಗೇ ಟ್ಯಾಂಕಿಗೆ ಸುರಿದರೆ ಎಣ್ಣೆ ಮೇಲೆ ತೇಲಿ, ಮೊದಲ ಸಾಲಿನ ಗಿಡಗಳಿಗೆ ಬರಿಯ ನೀರೂ ಕೊನೆಯ ಸಾಲಿಗೆ ಬರಿಯ ಎಣ್ಣೆಯೂ ಬಿದ್ದು ಎಲೆ ಸುಡುತ್ತದೆ. ಮೊದಲು ಸಾಬೂನನ್ನು ಸ್ವಲ್ಪ ಬೆಚ್ಚಗಿನ ಮೆದು ನೀರಿನಲ್ಲಿ ಕರಗಿಸಿ, ಅದಕ್ಕೆ ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡುತ್ತ ಬಿರುಸಾಗಿ ಕಡೆದು, ಕೆನೆಯಂತಾದ ಮೇಲೆಯೇ ಉಳಿದ ನೀರನ್ನು ಸೇರಿಸಬೇಕು. ದ್ರಾವಣ ಹಾಲಿನಂತೆ ಬೆಳ್ಳಗಿದ್ದು ಮೇಲೆ ಎಣ್ಣೆಯ ಕಣ್ಣುಗಳು ಕಾಣದಿದ್ದರೆ ಹದ ಸರಿಯಾಗಿದೆಯೆಂದು ಅರ್ಥ. ನೀರು ಗಡಸಾಗಿದ್ದರೆ ಸಾಬೂನು ಗಷ್ಟಾಗಿ, ಎಣ್ಣೆ ಬಿಟ್ಟುಕೊಂಡು, ನಾಜಲ್ಲೂ ಕಟ್ಟಿಕೊಳ್ಳುವುದರಿಂದ ಅಲ್ಲಿ ಮಳೆನೀರನ್ನು ಬಳಸುವುದು ಅಥವಾ ಸಾಬೂನಿನ ಬದಲು ಪಾತ್ರೆ ತೊಳೆಯುವ ದ್ರವವನ್ನು ಕೆಲವೇ ಹನಿ ಹಾಕುವುದು ಸೂಕ್ತ. ಕಲಸಿದ್ದನ್ನು ಅಂದೇ ಮುಗಿಸಬೇಕು, ಬಿಸಿಲಿಳಿದ ಮೇಲೆ ಸಿಂಪಡಿಸಬೇಕು, ಎಳೆಯ ಗಿಡಗಳಿದ್ದರೆ ಒಂದೆರಡು ಎಲೆಗಳ ಮೇಲೆ ಪರೀಕ್ಷಿಸಿ ಒಂದು ದಿನ ಕಾಯಬೇಕು.

ನೆಲ ಒರೆಸುವ ಫಿನೈಲೂ ಇದೇ ಕುಲದ್ದು. ಕಪ್ಪು ಫಿನೈಲಿನಲ್ಲಿ ಕಲ್ಲಿದ್ದಲ ಡಾಂಬರಿನಿಂದ ತೆಗೆದ ಎಣ್ಣೆಗಳು ಸಾಬೂನಿನೊಡನೆ ಬೆರೆತಿದ್ದು, ನೀರಿಗೆ ಬಿದ್ದೊಡನೆ ಅಸಂಖ್ಯ ಸೂಕ್ಷ್ಮ ಹನಿಗಳಾಗಿ ಒಡೆದು ಬೆಳಕನ್ನು ಚದುರಿಸುವುದರಿಂದ ದ್ರಾವಣ ಬೆಳ್ಳಗಾಗುತ್ತದೆ. ಬೋರ್‌ವೆಲ್ ನೀರಿನಲ್ಲಿ ಅದು ಬೆಳ್ಳಗಾಗದೆ ಮೇಲೆ ಜಿಡ್ಡಾಗಿ ತೇಲಿದರೆ ಫಿನೈಲು ಕಳಪೆಯೆಂದು ಅಂಗಡಿಯವರೊಡನೆ ಜಗಳಕ್ಕಿಳಿಯುವ ಮೊದಲು ಒಂದು ಲೋಟ ಮಳೆನೀರಿನಲ್ಲಿ ಬೆರೆಸಿ ನೋಡುವುದು ನ್ಯಾಯ. ಬಚ್ಚಲಿನ ಗೋಡೆಯ ಸಾಬೂನಿನ ಗಷ್ಟಿಗೆ ಫಿನೈಲು ಉಪಯೋಗವಿಲ್ಲ. ಅದಕ್ಕೆ ನಿಂಬೆಹುಳಿ ಅಥವಾ ವಿನೆಗರನ್ನು ಹಚ್ಚಿ ಹತ್ತು ನಿಮಿಷ ಬಿಟ್ಟರೆ ಆಮ್ಲವು ಕ್ಯಾಲ್ಸಿಯಂ ಸಾಬೂನನ್ನು ಒಡೆದು ಸುಣ್ಣವನ್ನು ಕರಗಿಸುತ್ತದೆ, ಉಳಿದ ಮೇದಾಮ್ಲದ ಜಿಡ್ಡನ್ನು ಡಿಟರ್ಜೆಂಟಿನಿಂದ ಉಜ್ಜಿ ತೆಗೆಯಬಹುದು. ಅಮೃತಶಿಲೆಯ ನೆಲಕ್ಕೆ ಹುಳಿ ತಾಗಬಾರದು, ಏಕೆಂದರೆ ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ. ಹುಳಿ ಹಚ್ಚಿದ ಜಾಗಕ್ಕೆ ಬ್ಲೀಚಿಂಗ್ ಪೌಡರನ್ನೂ ಹಾಕಬಾರದು. ಎರಡೂ ಬೆರೆತರೆ ಕ್ಲೋರಿನ್ ಅನಿಲ ಬಿಡುಗಡೆಯಾಗುತ್ತದೆ, ಕಿಟಕಿಯಿಲ್ಲದ ಸಣ್ಣ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಸಂಚಕಾರ ತರಬಲ್ಲದು.